ಓದುಗರ ಪ್ರಶ್ನೆ: ಸಕ್ಯುಲೆಂಟ್ ಗಿಡಕ್ಕೆ ಬಾಯಾರಿಕೆಯೋ, ಬುಡ ಕೊಳೆತಿದೆಯೋ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಯುಲೆಂಟ್ (ದಪ್ಪ ಎಲೆ, ಕಾಂಡದಲ್ಲಿ ನೀರು ತುಂಬಿಟ್ಟುಕೊಳ್ಳುವ ಗಿಡ) ಮತ್ತು ಕಳ್ಳಿ ಗಿಡಗಳ ಬಗ್ಗೆ. ಕೇಳಿದವರೆಲ್ಲ ಮಂಗಳೂರು, ಉಡುಪಿ ಕಡೆಯವರು. ಈ ಗಿಡಗಳಲ್ಲಿ ಬಹುಪಾಲು ಮೆಕ್ಸಿಕೊ, ದಕ್ಷಿಣ ಆಫ್ರಿಕಾದಂಥ ಒಣಸೀಮೆಯವು. ನಮ್ಮಲ್ಲೋ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಜುಲೈ ಒಂದರಲ್ಲೇ 1,000 ಮಿಲಿಮೀಟರ್ ದಾಟುವುದು ಹೊಸತೇನಲ್ಲ. ಬೆಂಗಳೂರಿನ ಬಾಲ್ಕನಿಗೆ ಹೊಂದುವ ಸಲಹೆಯನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಗಿಡ ಕೊಳೆಯುತ್ತದೆ. ಆದ್ದರಿಂದ ಕೆಳಗಿನ ಉತ್ತರಗಳನ್ನೆಲ್ಲ ಕರಾವಳಿಯ ಹವೆಯನ್ನು ಲೆಕ್ಕಕ್ಕಿಟ್ಟೇ ಬರೆದಿದ್ದೇವೆ.

ಬೆಂಗಳೂರಿನಿಂದ ತಂದ ಎಚೆವೇರಿಯಾದ ಎಲೆಗಳು ಸುಕ್ಕುಗಟ್ಟಿದವು. ನೀರು ಸಾಲದೆಂದು ದಿನಾ ಅರ್ಧ ಲೋಟ ಹಾಕಿದೆ. ಈಗ ಕೆಳಗಿನ ಎಲೆಗಳು ಹಳದಿಯಾಗಿ, ಮುಟ್ಟಿದರೆ ಉದುರುತ್ತಿವೆ. ಎಲ್ಲಿ ತಪ್ಪಿತು?
— ಓದುಗರು, ಕದ್ರಿ

ಎಲೆ ಸುಕ್ಕುಗಟ್ಟಲು ಎರಡು ಕಾರಣಗಳಿವೆ. ಕುಂಡದಲ್ಲಿ ನೀರಿಲ್ಲದಿದ್ದರೂ ಸುಕ್ಕುಗಟ್ಟುತ್ತದೆ, ನೀರಿದ್ದೂ ಅದನ್ನು ಎಳೆದುಕೊಳ್ಳುವ ಬೇರು ಕೊಳೆತಿದ್ದರೂ ಸುಕ್ಕುಗಟ್ಟುತ್ತದೆ. ಮೊದಲನೆಯದಕ್ಕೆ ನೀರು ಮದ್ದು, ಎರಡನೆಯದಕ್ಕೆ ಅದೇ ವಿಷ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನಿಮ್ಮ ಗಿಡದಲ್ಲಿ ಬೇರು ಹೋಗಿದೆ.

ಮುಂದೆ ಈ ಗೊಂದಲ ಬಾರದಿರಲು ನೀರು ಹಾಕುವ ಮೊದಲು ಹಿಡಿಸೂಡಿಯಿಂದ (ತೆಂಗಿನ ಗರಿಯ ಕಡ್ಡಿಪೊರಕೆಯಿಂದ) ಒಂದು ಕಡ್ಡಿ ತೆಗೆದು ಕುಂಡದ ಅಂಚಿನ ಬಳಿ ತಳ ಮುಟ್ಟುವವರೆಗೆ ಚುಚ್ಚಿ. ಐದು ನಿಮಿಷ ಬಿಟ್ಟು ಎಳೆಯಿರಿ. ಕಡ್ಡಿ ಒಣಗಿದ್ದು, ಕೆಳಗಿನ ಎಲೆಗಳು ತೆಳ್ಳಗಾಗಿ ರಬ್ಬರಿನಂತೆ ಬಗ್ಗುತ್ತಿದ್ದು, ಎಳೆದರೂ ಕಾಂಡಕ್ಕೆ ಬಿಗಿಯಾಗಿ ಅಂಟಿಕೊಂಡಿದ್ದರೆ ಅದು ಬಾಯಾರಿಕೆ. ಕುಂಡವನ್ನು ನೀರಿನ ಬಟ್ಟಲಲ್ಲಿ 20 ನಿಮಿಷ ಇಟ್ಟು ತೆಗೆಯಿರಿ, ಎರಡು ಮೂರು ದಿನಗಳಲ್ಲಿ ಎಲೆ ಮತ್ತೆ ತುಂಬಿಕೊಳ್ಳುತ್ತದೆ. ಐದು ದಿನವಾದರೂ ತುಂಬಿಕೊಳ್ಳದಿದ್ದರೆ ಬೇರಿನ ಮೇಲೆ ಅನುಮಾನ ಪಡಬೇಕು. ಕಡ್ಡಿಗೆ ಮೊದಲೇ ಒದ್ದೆ ಮಣ್ಣು ಹತ್ತಿ ಬಂದರೆ, ಎಲೆ ಎಷ್ಟೇ ಸುಕ್ಕಾಗಿರಲಿ, ನೀರಿನ ಚೊಂಬು ಕೆಳಗಿಡಿ.

ನೀರು ಹೆಚ್ಚಾದ ಎಲೆ ನೋಟದಲ್ಲೇ ಬೇರೆ. ಬೆಳಕಿಗೆ ಹಿಡಿದರೆ ಎಣ್ಣೆ ಹತ್ತಿದ ಕಾಗದದಂತೆ ಆಚೆ ಕಡೆ ಕಾಣುತ್ತದೆ. ನೀರು ತುಂಬಿಡುವ ಕೋಶಗಳು ಉಬ್ಬಿ ಒಡೆದಿರುವುದೇ ಅದಕ್ಕೆ ಕಾರಣ. ಒತ್ತಿದರೆ ಒಳಗೆಲ್ಲ ಲೋಳೆ. ಹೀಗೆ ಒಡೆದ ಎಲೆ ಮತ್ತೆ ಸರಿಹೋಗುವುದಿಲ್ಲ.

ಈಗ ಗಿಡವನ್ನು ಕುಂಡದಿಂದ ಹೊರತೆಗೆದು ಮಣ್ಣು ಕೊಡವಿ ಬೇರು ನೋಡಿ. ಒಳ್ಳೆಯ ಬೇರು ಬಿಳಿ ಅಥವಾ ತಿಳಿ ಕಂದು, ಎಳೆದರೆ ಗಟ್ಟಿ. ಕೊಳೆತ ಬೇರನ್ನು ಎರಡು ಬೆರಳ ನಡುವೆ ಹಿಡಿದು ಜಗ್ಗಿದರೆ ಮೇಲಿನ ಸಿಪ್ಪೆ ಕಾಲುಚೀಲದಂತೆ ಕಳಚಿ ಬಂದು ಒಳಗಿನ ದಾರ ಮಾತ್ರ ಉಳಿಯುತ್ತದೆ. ಬೇರಷ್ಟೇ ಹೋಗಿದ್ದರೆ ಅದನ್ನು ಕತ್ತರಿಸಿ, ನಾಲ್ಕೈದು ದಿನ ನೆರಳಲ್ಲಿ ಒಣಗಿಸಿ ಮತ್ತೆ ನೆಡಬಹುದು. ಕಾಂಡದ ಬುಡವೂ ಕಪ್ಪಾಗಿದ್ದರೆ ಮೇಲಿನ ತಲೆಯನ್ನು ಉಳಿಸಿಕೊಳ್ಳುವ ದಾರಿಯೊಂದೇ ಉಳಿದಿರುವುದು. ಚೂಪಾದ ಚಾಕುವನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ, ಕಪ್ಪು ಮುಗಿದ ಜಾಗಕ್ಕಿಂತ ಒಂದು ಸೆಂಟಿಮೀಟರ್ ಮೇಲೆ ಅಡ್ಡ ಕತ್ತರಿಸಿ. ಕತ್ತರಿಸಿದ ಮುಖ ಪೂರ್ತಿ ತಿಳಿ ಹಸಿರಾಗಿರಬೇಕು. ನಡುವೆ ಕಂದು ಚುಕ್ಕಿಯೋ ಉಂಗುರವೋ ಕಂಡರೆ ಕೊಳೆ ಇನ್ನೂ ಮೇಲೆ ಹತ್ತಿದೆ. ಚಾಕು ಮತ್ತೆ ಒರೆಸಿ ಇನ್ನಷ್ಟು ಮೇಲೆ ಕತ್ತರಿಸಿ. ಇಲ್ಲಿ ಕನಿಕರ ತೋರಿಸಿ ಸಣ್ಣದೊಂದು ಕಂದು ಚುಕ್ಕಿಯನ್ನು ಉಳಿಸಿದರೆ ವಾರದೊಳಗೆ ತಲೆಯೂ ಹೋಗುತ್ತದೆ.

ತಲೆಯನ್ನು ಖಾಲಿ ಗಾಜಿನ ಲೋಟದ ಬಾಯಿಯ ಮೇಲೆ, ಗಾಯ ಕೆಳಮುಖವಾಗಿ ಗಾಳಿಯಲ್ಲಿರುವಂತೆ ಕೂರಿಸಿ. ಬೇಸಿಗೆಯಲ್ಲಿ ಐದಾರು ದಿನಕ್ಕೆ ಗಾಯ ಒಣಗಿ ಪೊರೆ ಕಟ್ಟುತ್ತದೆ. ಮಳೆಗಾಲದಲ್ಲಿ ಹತ್ತು ದಿನ ಬೇಕು, ಜತೆಗೆ ದಿನಕ್ಕೆ ಕೆಲವು ಗಂಟೆ ಫ್ಯಾನಿನ ಗಾಳಿಯೂ ಬೇಕು. ಅನಂತರ ಒಣ ಮಣ್ಣಿನ ಮಿಶ್ರಣದ ಮೇಲೆ ಇಡಿ (ಮಿಶ್ರಣದ ವಿವರ ಕೆಳಗೆ, ಕುಂದಾಪುರದ ಓದುಗರಿಗೆ ಕೊಟ್ಟ ಉತ್ತರದಲ್ಲಿದೆ). ಎರಡು ಮೂರು ವಾರಕ್ಕೆ ಬೇರು ಬರುತ್ತದೆ. ಬೇರು ಒಂದು ಸೆಂಟಿಮೀಟರ್ ಆಗುವವರೆಗೆ ನೀರು ಬೇಡ. ಎಲೆಯಲ್ಲಿರುವ ನೀರೇ ಅಲ್ಲಿಯವರೆಗೆ ಅದಕ್ಕೆ ಸಾಕು.

ಒಂದು ಮಾತು ನೇರವಾಗಿ ಹೇಳಬೇಕು. ಎಚೆವೇರಿಯಾ ಕರಾವಳಿಗೆ ಕಷ್ಟದ ಗಿಡ. ಈ ಜಾತಿಯವು ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಟ್ಟು, ರಾತ್ರಿ ತಂಪಿನಲ್ಲಿ ತೆರೆದು ಉಸಿರಾಡುತ್ತವೆ. ರಾತ್ರಿಯೂ ಸೆಖೆಯಾದರೆ ಆ ಕೆಲಸ ಅರೆಬರೆಯಾಗಿ ಗಿಡ ಸೊರಗುತ್ತದೆ. ಹವೊರ್ತಿಯಾ, ಗ್ಯಾಸ್ಟೀರಿಯಾ, ಸಾನ್ಸವೇರಿಯಾ, ಲೋಳೆಸರ, ಕಲಾಂಚೊ ನಮ್ಮ ಸೆಖೆಯನ್ನು ಎಷ್ಟೋ ಚೆನ್ನಾಗಿ ತಡೆಯುತ್ತವೆ. ಹೊಸದಾಗಿ ಶುರುಮಾಡುವವರಿಗೆ ಇವನ್ನೇ ಶಿಫಾರಸು ಮಾಡುತ್ತೇವೆ.

ಹವೊರ್ತಿಯಾದ ತಳದ ಎಲೆಗಳು ತಿಂಗಳಿಗೊಂದರಂತೆ ಒಣಗಿ ಕಾಗದದಂತಾಗುತ್ತಿವೆ. ರೋಗವೇ?
— ಓದುಗರು, ಶಂಕರಪುರ

ರೋಗವಲ್ಲ. ನಡುವೆ ಹೊಸ ಎಲೆ ಬರುತ್ತಿದ್ದು, ಕೆಳಗಿನದು ಒಣಗಿ ಗರಿಗರಿಯಾಗುತ್ತಿದ್ದರೆ ಗಿಡ ಹಳೆಯ ಎಲೆಯ ಸಾರವನ್ನು ಹೀರಿಕೊಂಡು ಬಿಡುತ್ತಿದೆ ಎಂದು ಅರ್ಥ. ಪೂರ್ತಿ ಒಣಗಿದ ಮೇಲೆ ಮೆಲ್ಲಗೆ ಕಿತ್ತು ತೆಗೆಯಿರಿ. ಮಳೆಗಾಲದಲ್ಲಿ ಅದರಡಿ ತೇವ ನಿಂತು ಹುಳಗಳಿಗೆ ಮನೆಯಾಗುತ್ತದೆ. ನಡುವಿನ ಎಲೆಗಳೇ ಬಾಡತೊಡಗಿದರೆ ಮಾತ್ರ ಕೂಡಲೇ ಬೇರು ನೋಡಿ.

ಎಲೆಗಳ ಮೇಲೆ ಬೂದಿಯಂಥ ಬಿಳಿ ಪುಡಿ ಇದೆ. ಒರೆಸಿದರೆ ಹೋಗುತ್ತದೆ. ಇನ್ನೊಂದು ಕುಂಡದ ಗಿಡದಲ್ಲಿ ಹತ್ತಿಯಂಥ ಬಿಳಿ. ಎರಡೂ ಒಂದೇ ರೋಗವೇ?
— ಓದುಗರು, ಮಣಿಪಾಲ

ಮೊದಲನೆಯದು ರೋಗವೇ ಅಲ್ಲ, ದಯವಿಟ್ಟು ಒರೆಸಬೇಡಿ. ಎಚೆವೇರಿಯಾ, ಗ್ರಾಪ್ಟೊಪೆಟಲಮ್‌ನಂಥ ಗಿಡಗಳು ಬಿಸಿಲಿನಿಂದ ಕಾಪಾಡಿಕೊಳ್ಳಲು ಎಲೆಯ ಮೇಲೆ ತೆಳುವಾದ ಮೇಣದ ಪುಡಿ ಲೇಪಿಸಿಕೊಳ್ಳುತ್ತವೆ. ದ್ರಾಕ್ಷಿಯ ಮೇಲೆ ಕಾಣುವ ಬಿಳಿ ಮಬ್ಬಿನಂಥದೇ ಇದು. ಎಲೆಯ ತುಂಬ ಒಂದೇ ಸಮನಾಗಿರುತ್ತದೆ. ಬೆರಳಿಂದ ಉಜ್ಜಿದ ಜಾಗದಲ್ಲಿ ಆ ಎಲೆ ಬದುಕಿರುವವರೆಗೂ ಬೆರಳಚ್ಚು ಉಳಿಯುತ್ತದೆ.

ಬಿಳಿ ಸಮನಾಗಿರದೆ ದುಂಡು ದುಂಡು ಮಚ್ಚೆಯಾಗಿದ್ದು, ಅದರಡಿ ಎಲೆ ಕಂದಾಗಿದ್ದರೆ ಅದು ಬೂದಿ ರೋಗ. ಮಳೆ ನಿಂತ ಮೇಲಿನ ತಂಪು ರಾತ್ರಿಗಳಲ್ಲಿ ಕಲಾಂಚೊಗೆ ಹೆಚ್ಚಾಗಿ ಬರುತ್ತದೆ. ಮಚ್ಚೆ ಬಿದ್ದ ಎಲೆ ಕಿತ್ತು, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಸಂಜೆ ಸಿಂಪಡಿಸಿ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬಾರದು, ಎಲೆ ಸುಡುತ್ತದೆ.

ನಿಮ್ಮ ಎರಡನೇ ಗಿಡದ ಹತ್ತಿ ಮಾತ್ರ ನಿಜವಾದ ತೊಂದರೆ. ಅದು ಹಿಟ್ಟು ತಿಗಣೆ. ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ, ನಡುಕುಡಿಯೊಳಗೆ, ಹೂದಂಟಿನಲ್ಲಿ ಗುಂಪಾಗಿರುತ್ತದೆ. ಹಲ್ಲುಕಡ್ಡಿಯಿಂದ ಒಂದನ್ನು ಒತ್ತಿ ನೋಡಿ. ಹಳದಿಯೋ ಕಿತ್ತಳೆಯೋ ಬಣ್ಣದ ರಸ ಬಂದರೆ ಅನುಮಾನ ಬೇಡ. ಅದಕ್ಕೂ ಮೊದಲೇ ಸುಳಿವು ಕೊಡುವುದು ಇರುವೆ. ಸಕ್ಯುಲೆಂಟ್ ಕುಂಡಕ್ಕೆ ಇರುವೆಗಳ ಸಾಲು ಹತ್ತಿದೆಯೆಂದರೆ ಎಲ್ಲೋ ತಿಗಣೆ ಇದೆ. ಅದು ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಗಿಡದಿಂದ ಗಿಡಕ್ಕೆ ಹೊತ್ತೊಯ್ಯುತ್ತವೆ. ಅಂಟಿನ ಮೇಲೆ ಬೆಳೆಯುವ ಕಪ್ಪು ಮಸಿಯೂ ಅದೇ ಕತೆ ಹೇಳುತ್ತದೆ.

ಕುಂಡವನ್ನು ಕೂಡಲೇ ಬೇರೆಡೆಗೆ ಸರಿಸಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ, ಸಂಜೆ ಬಿಸಿಲಿಳಿದ ಮೇಲೆ ಪ್ರತಿ ಸಂದಿಯನ್ನೂ ಮುಟ್ಟಿಸಿ. ಬಿಳಿ ಹತ್ತಿ ಕೂಡಲೇ ಕಂದಾಗಿ ಕುಸಿಯುತ್ತದೆ. ಒಂದು ಸಲ ಮಾಡಿ ಮುಗಿಯಿತು ಎಂದುಕೊಳ್ಳುವುದರಿಂದಲೇ ಹೆಚ್ಚಿನವರು ಸೋಲುತ್ತಾರೆ. ಆ ಹತ್ತಿಯ ಚೀಲದೊಳಗೆ ನೂರಾರು ಮೊಟ್ಟೆಗಳಿರುತ್ತವೆ, ಸ್ಪಿರಿಟ್ ಎಲ್ಲದಕ್ಕೂ ತಾಗುವುದಿಲ್ಲ. ಆರು ದಿನಕ್ಕೊಮ್ಮೆಯಂತೆ ನಾಲ್ಕು ಸಲ ಮಾಡಬೇಕು. ಗಿಡಗಳು ತುಂಬ ಇದ್ದರೆ ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಒಂದೆರಡು ಮಿಲಿಲೀಟರ್ ದ್ರವ ಸೋಪು ಕಲಸಿ ಸಿಂಪಡಿಸಬಹುದು. ಆದರೆ ಅದು ಮೇಣದ ಲೇಪವನ್ನು ತೊಳೆದುಬಿಡುತ್ತದೆ, ಪುಡಿ ಇರುವ ಗಿಡಗಳಿಗೆ ಬೇಡ.

ಗಿಡದ ಮೇಲೆ ಏನೂ ಕಾಣದೆ ಬೆಳವಣಿಗೆ ಮಾತ್ರ ನಿಂತಿದ್ದರೆ ಕುಂಡ ಕಳಚಿ ಒಳಗೋಡೆ ನೋಡಿ. ಅಲ್ಲಿ ಅಕ್ಕಿಹಿಟ್ಟು ಚೆಲ್ಲಿದಂತಿದ್ದರೆ ಬೇರಿನ ಹಿಟ್ಟು ತಿಗಣೆ. ಹಳೆ ಮಣ್ಣನ್ನೆಲ್ಲ ಚೀಲಕ್ಕೆ ತುಂಬಿ ಹೊರಗೆಸೆಯಿರಿ, ಹೂದೋಟಕ್ಕೆ ಸುರಿಯಬೇಡಿ. ಬೇರು ತೊಳೆದು, ಒಣಗಿಸಿ, ಬಿಸಿನೀರಲ್ಲಿ ತೊಳೆದ ಕುಂಡದಲ್ಲಿ ಹೊಸ ಮಿಶ್ರಣಕ್ಕೆ ನೆಡಿ.

ಇರುವೆ ತಡೆಯಲು ಉಪ್ಪಿನಕಾಯಿ ಭರಣಿಗೆ ಮಾಡುವಂತೆ ನೀರಿನ ತಟ್ಟೆಯ ನಡುವೆ ಇಟ್ಟಿಗೆಯಿಟ್ಟು ಅದರ ಮೇಲೆ ಕುಂಡವಿಡಬಹುದು. ಆ ನೀರಿಗೆ ನಾಲ್ಕು ಹನಿ ಸೋಪು ಹಾಕಿ, ಮೂರು ದಿನಕ್ಕೊಮ್ಮೆ ಬದಲಿಸಿ. ಡೆಂಗಿ ಸೊಳ್ಳೆಗೆ ಇಂಥ ತಟ್ಟೆಯೇ ಬೇಕಾದ್ದು.

ಎಂಥ ಮಣ್ಣು ಹಾಕಬೇಕು? ನರ್ಸರಿಯಿಂದ ಬಂದ ತೆಂಗಿನ ನಾರಿನ ಪುಡಿಯಲ್ಲೇ ಬಿಡಬಹುದೇ? ತಳಕ್ಕೆ ಜಲ್ಲಿ ಹಾಕಿದ್ದೇನೆ.
— ಓದುಗರು, ಕುಂದಾಪುರ

ನಾರಿನ ಪುಡಿ ನರ್ಸರಿಯವರಿಗೆ ಅನುಕೂಲ: ಹಗುರ, ಅಗ್ಗ, ಸಾಗಿಸಲು ಸುಲಭ. ನಮ್ಮ ಮಳೆಗಾಲದಲ್ಲಿ ಅದು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಪೂರ್ತಿ ಒಣಗಿದರೆ ಗಟ್ಟಿ ಉಂಡೆಯಾಗಿ, ಹಾಕಿದ ನೀರು ಅಂಚಿನಿಂದ ಹರಿದುಹೋಗಿ ಬೇರಿಗೆ ತಾಗುವುದೇ ಇಲ್ಲ. ಮಳೆ ಹಿಡಿಯುವ ಮೊದಲು ಬದಲಿಸಿ.

ಇದಕ್ಕೆ ಬೇಕಾದ ಒಳ್ಳೆಯ ವಸ್ತು ನಮ್ಮ ಹಿತ್ತಿಲಲ್ಲೇ ಬಿದ್ದಿದೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಇಲ್ಲಿನ ಮನೆಗಳಿಗೆ ಹೊದಿಸಿದ ಹೆಂಚು, ಮಾಡು ಬಿಚ್ಚಿದಾಗಲೆಲ್ಲ ರಾಶಿ ಬೀಳುತ್ತದೆ. ಸುಟ್ಟ ಜೇಡಿ ಸ್ವಲ್ಪ ನೀರು ಹೀರಿ, ಉಳಿದದ್ದನ್ನು ಬಿಟ್ಟುಕೊಡುತ್ತದೆ, ತುಣುಕುಗಳ ನಡುವೆ ಗಾಳಿಯಾಡುತ್ತದೆ. ಹೆಂಚನ್ನು ಗೋಣಿಯೊಳಗಿಟ್ಟು ಸುತ್ತಿಗೆಯಿಂದ ಕುಟ್ಟಿ, ಹೆಸರುಕಾಳಿನಿಂದ ಕಡಲೆಯವರೆಗಿನ ಗಾತ್ರದ್ದನ್ನು ಜರಡಿ ಹಿಡಿದು, ಧೂಳು ಹೋಗುವಂತೆ ತೊಳೆಯಿರಿ. ಧೂಳು ಉಳಿದರೆ ಅದೇ ಕೆಸರಾಗಿ ತೂತು ಮುಚ್ಚುತ್ತದೆ. ಹೆಂಚಿನ ಚೂರು ಎರಡು ಪಾಲು, ಹೊಳೆಯ ದಪ್ಪ ಹೊಯ್ಗೆ ಒಂದು ಪಾಲು, ಸುಡುಮಣ್ಣು (ಕಸಕಡ್ಡಿಯೊಂದಿಗೆ ಸುಟ್ಟ ಮಣ್ಣು) ಒಂದು ಪಾಲು, ಚೆನ್ನಾಗಿ ಕಳಿತು ಒಣಗಿದ ಹಟ್ಟಿಗೊಬ್ಬರ ಅರ್ಧ ಪಾಲು. ಕಡಲತೀರದ ಹೊಯ್ಗೆ ಬೇಡವೇ ಬೇಡ, ಅದರಲ್ಲಿ ಉಪ್ಪಿದೆ. ನಾಲ್ಕಿಂಚಿನ ಕುಂಡಕ್ಕೆ ಒಂದು ಲೋಟ ನೀರು ಸುರಿದು ನೋಡಿ. ಮೇಲೆ ಕೆರೆ ನಿಲ್ಲದೆ ಅರ್ಧ ನಿಮಿಷದೊಳಗೆ ತಳದ ತೂತಿನಿಂದ ಹರಿದರೆ ಮಿಶ್ರಣ ಸರಿಯಾಗಿದೆ.

ತಳದ ಜಲ್ಲಿ ತೆಗೆದುಬಿಡಿ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಲ್ಲಿನ ಪದರಕ್ಕೆ ನೀರು ತಾನಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದ ಮೇಲೆಯೇ ಕೆಳಗೆ ತೊಟ್ಟಿಕ್ಕುತ್ತದೆ. ಅಂದರೆ ಜಲ್ಲಿಯಿಂದ ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬಂದಂತಾಯಿತು. ಚೂರನ್ನು ಮಣ್ಣಿನಲ್ಲೇ ಬೆರೆಸಬೇಕು. ತೂತಿನ ಮೇಲೆ ಹೆಂಚಿನ ಒಂದು ಬೋಕಿ ಇಟ್ಟರೆ ಸಾಕು.

ನೀರಿನ ಲೆಕ್ಕ ಹೀಗಿಟ್ಟುಕೊಳ್ಳಿ. ಈ ಮಿಶ್ರಣದಲ್ಲಿ ನಾಲ್ಕಿಂಚಿನ ಕುಂಡಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಐದಾರು ದಿನಕ್ಕೊಮ್ಮೆ ತಳದಿಂದ ಹರಿಯುವಷ್ಟು. ನವೆಂಬರಿನಿಂದ ಫೆಬ್ರವರಿವರೆಗೆ ಎಂಟು ಹತ್ತು ದಿನಕ್ಕೊಮ್ಮೆ. ಆಟಿ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ) ಮಳೆಯಲ್ಲಿ, ಮಾಡಿನಡಿ ಇರುವ ಗಿಡಕ್ಕೆ ಇಪ್ಪತ್ತು ದಿನಕ್ಕೊಮ್ಮೆ. ದಿನ ಎಣಿಸುವುದಕ್ಕಿಂತ ಹಿಡಿಸೂಡಿ ಕಡ್ಡಿಯ ಮಾತು ಕೇಳುವುದೇ ಮೇಲು.

ಜೇಡ್ ಗಿಡದ ಕಾಂಡದಿಂದ ಗುಲಾಬಿ ದಾರದಂಥ ಬೇರುಗಳು ಗಾಳಿಯಲ್ಲಿ ಇಳಿಬಿದ್ದಿವೆ. ಬುಡದಲ್ಲಿ ಬೇರು ಕೊಳೆತಿದೆಯೇ?
— ಓದುಗರು, ಬಿಜೈ

ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಈ ಗಿಡಗಳು ಕಾಂಡದಲ್ಲೂ ಬೇರು ಬಿಡುತ್ತವೆ. ಜೂನ್ ಕಳೆದ ಮೇಲೆ ಕರಾವಳಿಯಲ್ಲಿ ಇದು ಸಾಮಾನ್ಯ. ಕಾಂಡ ಗಟ್ಟಿಯಿದ್ದು ಎಲೆ ತುಂಬಿದ್ದರೆ ಏನೂ ಮಾಡಬೇಡಿ. ಎಲೆಯೂ ಸುಕ್ಕಾಗಿದ್ದರೆ ಆಗ ನಿಮ್ಮ ಅನುಮಾನ ಸರಿ, ಬುಡ ಪರೀಕ್ಷಿಸಿ.

ಫ್ಲ್ಯಾಟಿನ ಉತ್ತರದ ಬಾಲ್ಕನಿಯಲ್ಲಿಟ್ಟ ಗಿಡಗಳು ಉದ್ದುದ್ದ ಬೆಳೆದು ವಾಲುತ್ತಿವೆ. ಚೆನ್ನಾಗಿ ಬೆಳೆಯುತ್ತಿವೆ ಎಂದು ಖುಷಿಪಡಲೇ?
— ಓದುಗರು, ಸುರತ್ಕಲ್

ಬೆಳಕು ಸಾಲದೆ ಅದನ್ನು ಹುಡುಕಿ ಚಾಚುತ್ತಿವೆ. ಎಲೆಗಳ ನಡುವಿನ ಅಂತರ ಹೆಚ್ಚಾಗುವುದು, ಬಣ್ಣ ತಿಳಿಯಾಗುವುದು, ಎಲೆಗಳು ತಟ್ಟೆಯಂತೆ ಕೆಳಗೆ ಬಾಗುವುದು, ಕುಡಿ ಸಪೂರವಾಗುವುದು ಇದರ ಗುರುತು. ಹೀಗೆ ಚಾಚಿದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ಮೇಲಿನ ಮೂರು ನಾಲ್ಕು ಇಂಚು ಕತ್ತರಿಸಿ, ಒಣಗಿಸಿ, ಹೊಸದಾಗಿ ನೆಡಬೇಕು. ಕೆಳಗುಳಿದ ಮೋಟಿನಿಂದಲೂ ಚಿಗುರು ಬರುತ್ತದೆ, ಎಸೆಯಬೇಡಿ.

ಉತ್ತರದ ಬಾಲ್ಕನಿಗೆ ನಮ್ಮಲ್ಲಿ ಒಂದು ವಿಶೇಷವಿದೆ. ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ನಮಗೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಅಂದರೆ ನಿಮಗೆ ಬಿಸಿಲು ಸಿಗುವ ತಿಂಗಳುಗಳಲ್ಲೇ ಮೋಡ ಕವಿದಿರುತ್ತದೆ, ಆಕಾಶ ತಿಳಿಯಾಗುವ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಆ ಬಾಲ್ಕನಿಗೆ ಹವೊರ್ತಿಯಾ, ಗ್ಯಾಸ್ಟೀರಿಯಾ, ಸಾನ್ಸವೇರಿಯಾ ಸಾಕು. ಬೇರೆಯವು ಬೇಕೇ ಬೇಕೆಂದರೆ 20 ವ್ಯಾಟಿನ ಬಿಳಿ ಎಲ್ಇಡಿ ಟ್ಯೂಬನ್ನು ಗಿಡದಿಂದ ಒಂದು ಅಡಿಯೊಳಗೆ ತೂಗಿಸಿ, ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಸಿ.

ಇದನ್ನು ಓದಿ ಗಿಡಗಳನ್ನು ನೇರ ಟೆರೇಸಿಗೆ ಒಯ್ಯಬೇಡಿ. ನೆರಳಲ್ಲಿದ್ದ ಎಲೆ ಒಂದೇ ಮಧ್ಯಾಹ್ನದ ಬಿಸಿಲಿಗೆ ಸುಡುತ್ತದೆ. ಬಿಸಿಲು ತಾಗಿದ ಬದಿಯಲ್ಲಿ ಮಾತ್ರ ಬಿಳಿಚಿ, ಮತ್ತೆ ಕಂದಾಗಿ ಒಣ ಮಚ್ಚೆಯಾದರೆ ಅದು ಬಿಸಿಲ ಸುಟ್ಟಗಾಯ. ಮುಟ್ಟಿದರೆ ಗಟ್ಟಿ, ಹರಡುವುದಿಲ್ಲ, ಮಾಸುವುದೂ ಇಲ್ಲ. ಮೊದಲ ವಾರ ಬೆಳಗಿನ ಒಂದು ಗಂಟೆ ಬಿಸಿಲು, ಅನಂತರ ವಾರಕ್ಕೊಂದು ಗಂಟೆಯಂತೆ ಏರಿಸಿ.

ಅಡೇನಿಯಂನ ಎಲೆಗಳೆಲ್ಲ ಉದುರಿವೆ, ಬುಡದ ಗಡ್ಡೆ ಒತ್ತಿದರೆ ಮೆತ್ತಗೆ. ಗಿಡ ಸತ್ತಿದೆಯೇ?
— ಓದುಗರು, ಬ್ರಹ್ಮಾವರ

ಮೆತ್ತಗಿರುವುದು ಎಲ್ಲ ಕಡೆಯೋ, ಒಂದೇ ಜಾಗದಲ್ಲೋ ಎಂಬುದರ ಮೇಲೆ ಉತ್ತರ ನಿಂತಿದೆ. ಗಡ್ಡೆಯನ್ನು ಸುತ್ತಲೂ ಹೆಬ್ಬೆರಳಿನಿಂದ ಒತ್ತುತ್ತ ಬನ್ನಿ. ಎಲ್ಲ ಕಡೆ ಒಂದೇ ಸಮ, ಗಾಳಿ ಕಡಿಮೆಯಾದ ಚೆಂಡಿನಂತೆ ಬಗ್ಗಿ ಮತ್ತೆ ಎದ್ದರೆ ಒಳಗಿನ ನೀರು ಖರ್ಚಾಗಿದೆ ಅಷ್ಟೆ. ಡಿಸೆಂಬರ್, ಜನವರಿಯಲ್ಲಿ ಎಲೆ ಉದುರಿಸಿ ಹೀಗೆ ಕೂರುವುದು ಅದರ ಸ್ವಭಾವ, ಎರಡು ಸಲ ನೀರು ಕೊಟ್ಟರೆ ಗಟ್ಟಿಯಾಗುತ್ತದೆ. ಒಂದು ಜಾಗ ಮಾತ್ರ ಕೊಳೆತ ಬಟಾಟೆಯಂತೆ ಒಳಗೆ ಕುಸಿದು, ಬಣ್ಣ ಕಂದಿ, ನೀರು ಒಸರಿ ವಾಸನೆ ಬಂದರೆ ಕೊಳೆ.

ಕೊಳೆಯಾಗಿದ್ದರೆ ಆ ದಿನವೇ ಕೈ ಹಾಕಿ. ಕೈಗವಸು ತೊಡಲೇಬೇಕು. ಅಡೇನಿಯಂನ ರಸ ಹೃದಯಕ್ಕೆ ವಿಷ, ಆಫ್ರಿಕಾದಲ್ಲಿ ಬಾಣದ ತುದಿಗೆ ಅದನ್ನು ಬಳಿಯುತ್ತಿದ್ದರು. ಗಿಡ ಕಿತ್ತು, ಬೇರು ತೊಳೆದು, ಮೆತ್ತಗಾದ ಭಾಗವನ್ನು ಚೂಪು ಚಾಕುವಿನಿಂದ ಕೆತ್ತುತ್ತ ಹೋಗಿ. ಬಿಳಿ, ಗಟ್ಟಿ ತಿರುಳು ಸಿಕ್ಕಿ ಅದರಿಂದ ರಸ ಜಿನುಗಿದರೆ ಜೀವಂತ ಭಾಗ ತಲುಪಿದ್ದೀರಿ. ಕಾರ್ಬೆಂಡಾಜಿಮ್, ಮ್ಯಾಂಕೋಜೆಬ್ ಎರಡೂ ಸೇರಿದ ಶಿಲೀಂಧ್ರನಾಶಕ ಪುಡಿಯನ್ನು ತುಸು ನೀರಲ್ಲಿ ಕಲಸಿ ಗಾಯಕ್ಕೆ ಲೇಪಿಸಿ, ಮಳೆ ಬೀಳದ, ಗಾಳಿಯಾಡುವ ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ. ಹತ್ತು ದಿನವಾದರೂ ಇದು ಸಾಯುವುದಿಲ್ಲ. ಗಾಯ ಒಣಗಿ ಮರದಂತಾದ ಮೇಲೆ, ಗಾಯ ಮಣ್ಣಿನಿಂದ ಮೇಲಿರುವಂತೆ ನೆಡಿ.

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24, 25ರೊಳಗೆ, ಅಡೇನಿಯಂ ಕುಂಡಗಳನ್ನು ಪಾರದರ್ಶಕ ಶೀಟಿನಡಿಗೆ ಸೇರಿಸಿಬಿಡಿ. ನೆರಳಿನ ಬಲೆ ಮಳೆಯನ್ನು ತಡೆಯುವುದಿಲ್ಲ, ಇದ್ದ ಬಿಸಿಲನ್ನೂ ಕಡಿಮೆ ಮಾಡುತ್ತದೆ.

ಬಾವಿ ನೀರನ್ನೇ ಹಾಕುತ್ತೇವೆ. ಲೋಳೆಸರದ ಎಲೆಗಳ ತುದಿ ಒಣಗಿ ಕಂದಾಗಿದೆ, ಮಣ್ಣಿನ ಕುಂಡದ ಹೊರಗೆ ಬಿಳಿ ಪೊರೆ.
— ಓದುಗರು, ಮಲ್ಪೆ

ಆ ಪೊರೆ ಉಪ್ಪು. ಸಮುದ್ರ, ಹೊಳೆಬಾಯಿಯ ಬಳಿಯ ಬಾವಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿದಂತೆ ಉಪ್ಪು ಏರುತ್ತದೆ. ಸ್ವಲ್ಪ ಸ್ವಲ್ಪವೇ ನೀರು ಹಾಕುವ ಅಭ್ಯಾಸವಿದ್ದರೆ ಉಪ್ಪು ತೊಳೆದುಹೋಗದೆ ಕುಂಡದಲ್ಲೇ ಶೇಖರವಾಗಿ, ಮೊದಲು ಎಲೆಯ ತುದಿಯನ್ನು ಸುಡುತ್ತದೆ. ಕುಂಡದ ಗಾತ್ರದ ಮೂರು ನಾಲ್ಕು ಪಟ್ಟು ಸಿಹಿನೀರನ್ನು ನಿಧಾನವಾಗಿ ಒಮ್ಮೆಗೇ ಹಾಯಿಸಿ ಪೂರ್ತಿ ಬಸಿಯಲು ಬಿಡಿ. ಮಳೆಗಾಲದ ಮೊದಲ ಕೆಲವು ಮಳೆ ಕಳೆದ ಮೇಲೆ ಮಾಡಿನ ನೀರು ಹಿಡಿದಿಟ್ಟುಕೊಂಡರೆ ಇದಕ್ಕೆ ಅದರಷ್ಟು ಒಳ್ಳೆಯದಿಲ್ಲ. ಒಣಗಿದ ತುದಿ ಹಸಿರಾಗದು, ಹೊಸ ಎಲೆಯ ತುದಿಯನ್ನು ಗಮನಿಸಿ. ಎಲೆ ಮುರಿದಾಗ ಬರುವ ಹಳದಿ ಕಹಿ ರಸ ರೋಗದ ಲಕ್ಷಣವಲ್ಲ. ಕಡು ಬಿಸಿಲಿಗೆ ಎಲೆ ಕೆಂಪಾಗುವುದೂ ಅಷ್ಟೆ, ಎಲೆ ದಪ್ಪವಿದ್ದರೆ ಚಿಂತೆ ಬೇಡ.

ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಕಳ್ಳಿ ಗಿಡಗಳಿಗೂ ಸಿಂಪಡಿಸಿದರೆ ಕೊಳೆ ಬಾರದಲ್ಲವೇ?
— ಓದುಗರು, ಕಾರ್ಕಳ

ಯೋಚನೆಯಲ್ಲಿ ಅರ್ಧ ಸತ್ಯವಿದೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಸಕ್ಯುಲೆಂಟುಗಳ ಬುಡವನ್ನೂ ಕೊಳೆಸಬಲ್ಲುದು. ಆದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣದ ಆ ದ್ರಾವಣ ಮೇಲ್ಮೈಯಲ್ಲಿ ಬೀಜಾಣು ಮೊಳೆಯದಂತೆ ತಡೆಯುತ್ತದೆಯೇ ಹೊರತು ಒಳಗಿಳಿದು ಕೊಳೆ ನಿಲ್ಲಿಸುವುದಿಲ್ಲ. ಕುಂಡದ ಕಳ್ಳಿಗೆ ಕೊಳೆ ಹತ್ತುವುದು ಹೆಚ್ಚಾಗಿ ಕುಂಡದೊಳಗಿನ ಬೇರಿನಿಂದ. ಎಲೆಗೆ ನೀಲಿ ಕಲೆ ಹತ್ತಿಸಿಕೊಳ್ಳುವುದಷ್ಟೇ ಲಾಭ.

ಎತ್ತರದ ಕಂಬಗಳ್ಳಿ, ಎಲೆಗಳ್ಳಿ ಕತ್ತರಿಸಿದ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚುವುದು ಮಾತ್ರ ಒಳ್ಳೆಯ ಕ್ರಮ. 10 ಗ್ರಾಂ ಮೈಲುತುತ್ತು, 10 ಗ್ರಾಂ ಸುಣ್ಣವನ್ನು ಬೇರೆ ಬೇರೆ 50 ಮಿಲಿಲೀಟರ್ ನೀರಲ್ಲಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ಸೇರಿಸಿ. ಕಬ್ಬಿಣದ ಬ್ಲೇಡು ಅದ್ದಿದಾಗ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಬೇಕು. ಇದು ನಿಮಗೆ ತೋಟದಲ್ಲೇ ಗೊತ್ತಿರುವ ಪರೀಕ್ಷೆ. ಅಂದೇ ಬಳಸಿ, ಉಳಿದದ್ದು ಮರುದಿನಕ್ಕೆ ಬಾರದು.

ಕಳ್ಳಿಯ ಬುಡ ಕಂದಾಗಿ ಮೇಲೇರುತ್ತಿದೆ.
— ಓದುಗರು, ಉಳ್ಳಾಲ

ಕಡ್ಡಿಯ ತುದಿಯಿಂದ ತಟ್ಟಿ ನೋಡಿ. ಒಣಗಿದ ತೊಗಟೆಯಂತೆ ಗಟ್ಟಿಯಿದ್ದು, ವರ್ಷಗಟ್ಟಲೆ ಮೆಲ್ಲಗೆ ಏರುತ್ತಿದ್ದರೆ ಅದು ವಯಸ್ಸಿನ ತೊಗಟೆ, ಗಿಡವನ್ನು ನೆಟ್ಟಗೆ ನಿಲ್ಲಿಸುವುದೇ ಅದು. ವಾರದಲ್ಲಿ ಒಂದಿಂಚು ಏರಿ, ಒತ್ತಿದರೆ ಇಳಿದರೆ ಕೊಳೆ. ಕದ್ರಿಯ ಓದುಗರಿಗೆ ಹೇಳಿದಂತೆ ಮೇಲಿನ ಭಾಗ ಕತ್ತರಿಸಿ ಉಳಿಸಿಕೊಳ್ಳಿ.

ರಾತ್ರೋರಾತ್ರಿ ಎಲೆಗಳಲ್ಲಿ ದೊಡ್ಡ ದೊಡ್ಡ ಗುಂಡಿ ಬೀಳುತ್ತಿದೆ, ಹುಳ ಕಾಣುವುದಿಲ್ಲ.
— ಓದುಗರು, ಕಾಪು

ಬಸವನಹುಳು, ಇಲ್ಲವೇ ಚಿಪ್ಪಿಲ್ಲದ ಅದರ ಬಂಧು. ಬೆಳಿಗ್ಗೆ ಎಲೆಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಬೆಳ್ಳಿಯಂಥ ಲೋಳೆ ಗೆರೆ ಕಾಣುತ್ತದೆ. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಆರಿಸಿ, ಗಟ್ಟಿ ಉಪ್ಪುನೀರಿನ ಡಬ್ಬಕ್ಕೆ ಹಾಕಿ. ಉಪ್ಪನ್ನು ಕುಂಡದ ಸುತ್ತ ಚೆಲ್ಲಬೇಡಿ, ಮಳೆಗೆ ಕರಗಿ ಬೇರಿಗೇ ಇಳಿಯುತ್ತದೆ. ಹಗಲು ಕುಂಡದ ತಳ, ತಟ್ಟೆಯ ಅಡಿ ಹುಡುಕಿ. ಬರಿಗೈಯಲ್ಲಿ ಮುಟ್ಟಬೇಡಿ.

ನರ್ಸರಿಯಲ್ಲಿ ಕೊಳ್ಳುವಾಗ ಏನೇನು ನೋಡಬೇಕು? ಕೆಂಪು, ಹಳದಿ ತಲೆಯ ಕಳ್ಳಿ ಕೊಳ್ಳಬಹುದೇ?
— ಓದುಗರು, ಮೂಡುಬಿದಿರೆ

ಗಿಡದ ಬುಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕುಂಡವೂ ಜತೆಗೆ ಅಲ್ಲಾಡಿದರೆ ಬೇರು ಹಿಡಿದಿದೆ, ಗಿಡ ಮಾತ್ರ ತೂಗಾಡಿದರೆ ಬೇರಿಲ್ಲ. ಮೊಬೈಲಿನ ಟಾರ್ಚ್ ಹಾಕಿ ಎಲೆಗಳ ಅಡಿ, ನಡುಕುಡಿ ನೋಡಿ. ನಡುವಿನ ಹೊಸ ಎಲೆಗಳು ಬಿಗಿಯಾಗಿ, ಕಲೆಯಿಲ್ಲದೆ ಇರಬೇಕು. ಹೊರಗಿನ ಎರಡು ಎಲೆ ಹರಿದಿದ್ದರೆ ಪರವಾಗಿಲ್ಲ, ಅದನ್ನೇ ಕಾರಣವಾಗಿಸಿ ಗಿಡ ಬಿಡಬೇಡಿ. ಕುಂಡವೆತ್ತಿ ತಳದ ತೂತಿಗೆ ಮೂಗು ಹಿಡಿದರೆ ಹಸಿ ಮಣ್ಣಿನ ವಾಸನೆ ಬರಬೇಕು, ಹುಳಿ ನಾತ ಬರಬಾರದು. ಕಳ್ಳಿಯ ನೆತ್ತಿಯಲ್ಲಿ ಕಾಗದದಂಥ ಹೂವಿದ್ದರೆ ಅದು ಅಂಟಿನಿಂದ ಅಂಟಿಸಿದ ಒಣ ಹೂವಿರಬಹುದು. ನೇರಳೆ, ಕಡುನೀಲಿಯಂಥ ಬಣ್ಣಗಳು ಉಗುರಿನಿಂದ ಕೆರೆದರೆ ಎದ್ದುಬಂದರೆ ಅದು ಬಳಿದ ಬಣ್ಣ. ಎಲೆಗೆ ಬೆಳಕು ತಾಗದಂತೆ ಮಾಡಿ ಗಿಡವನ್ನು ಸೊರಗಿಸುತ್ತದೆ.

ಕೆಂಪು, ಹಳದಿ ತಲೆ ಬಣ್ಣ ಬಳಿದದ್ದಲ್ಲ. ಪತ್ರಹರಿತ್ತಿಲ್ಲದ ಕಳ್ಳಿಯನ್ನು ಡ್ರ್ಯಾಗನ್ ಹಣ್ಣಿನ ಕಾಂಡದ ಮೇಲೆ ಕಸಿ ಕಟ್ಟಿರುತ್ತಾರೆ. ತಲೆ ತನ್ನ ಊಟ ತಾನು ಮಾಡಿಕೊಳ್ಳಲಾರದು, ಕೆಳಗಿನ ಹಸಿರು ಕಾಂಡವೇ ಸಾಕಬೇಕು. ಎರಡರ ಬೆಳವಣಿಗೆಯ ವೇಗ ಬೇರೆಯಾದ್ದರಿಂದ ಸಾಮಾನ್ಯವಾಗಿ ಕೆಲವೇ ವರ್ಷಗಳಲ್ಲಿ ಕಸಿ ಬಿಡುತ್ತದೆ. ಅದು ಗೊತ್ತಿದ್ದು ಕೊಂಡರೆ ಬೇಸರವಿಲ್ಲ. ಕೊಳ್ಳುವಾಗ ಹಸಿರು ಕಾಂಡ ಗಟ್ಟಿಯಿದೆಯೇ, ಕಸಿಯ ಸುತ್ತ ಬಿರುಕೋ ಕಂದು ಗೆರೆಯೋ ಇದೆಯೇ ಎಂದು ಸುತ್ತ ತಿರುಗಿಸಿ ನೋಡಿ.

ಮನೆಗೆ ತಂದ ಗಿಡವನ್ನು ಮೂರು ವಾರ ಉಳಿದವುಗಳಿಂದ ದೂರವಿಡಿ. ಸಂದಿಯಲ್ಲಿ ಅಡಗಿದ್ದ ತಿಗಣೆಯ ಮೊಟ್ಟೆ ಒಡೆದು ಕಣ್ಣಿಗೆ ಕಾಣಲು ಅಷ್ಟು ದಿನ ಬೇಕು.